ಕೊರಗಜ್ಜನಿಗೆ ಒಂದು ಪ್ಯಾಕೆಟ್ ಚಕ್ಕುಲಿ

ನಮ್ಮ ಕಡೆ ಏನಾದರೂ ಕಳೆದುಹೋದರೆ ಮೊದಲು ನೆನಪಾಗುವುದು ಪೊಲೀಸ್ ಠಾಣೆ ಅಲ್ಲ, ತುಳುನಾಡಿನ ದೈವ ಕೊರಗಜ್ಜ. ಮೇಯಲು ಬಿಟ್ಟ ದನ ಮನೆಗೆ ಬಾರದಿದ್ದರೆ, ಕಿವಿಯ ಓಲೆ ಬಿದ್ದರೆ, ಬೈಕಿನ ಕೀ ಕಾಣದಿದ್ದರೆ, "ಅಜ್ಜಾ, ಸಿಕ್ಕಿದರೆ ಚಕ್ಕುಲಿ ಕೊಡ್ತೇನೆ" ಅಂತ ಬಾಯಿಗೆ ತಾನಾಗಿಯೇ ಬರುತ್ತದೆ. ಚಕ್ಕುಲಿ, ವೀಳ್ಯದೆಲೆ ಅಡಿಕೆ, ಸ್ವಲ್ಪ ಕಳ್ಳು. ಅಷ್ಟೇ. ನಂಬುವವರು ನಂಬುತ್ತಾರೆ, ನಂಬದವರೂ ಕೀ ಕಳೆದಾಗ ಮೆಲ್ಲಗೆ ಒಮ್ಮೆ ಹೇಳಿಕೊಳ್ಳುತ್ತಾರೆ. ನಾನು ಎರಡನೇ ಗುಂಪಿನವನು.

ಕಳೆದ ಡಿಸೆಂಬರಿನಲ್ಲಿ ನನ್ನ ಬೈನಾಕ್ಯುಲರ್ ಕಳೆದುಹೋಯಿತು. 8×42ರದ್ದು. ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಎದುರಿನ ಗಾಜು 42 ಮಿಲಿಮೀಟರ್ ಅಗಲ. ಕಾಡಿನ ಕತ್ತಲೆಯಲ್ಲಿ ಹಕ್ಕಿ ನೋಡುವವರಿಗೆ ಇದು ಸರಿಯಾದ ಅಳತೆ. ಹತ್ತು ಪಟ್ಟಿನದ್ದು ತೆಗೆದುಕೊಂಡರೆ ಕೈ ನಡುಗಿದ್ದೂ ಹತ್ತು ಪಟ್ಟು ಕಾಣುತ್ತದೆ. ಎರಡು ವರ್ಷ ದುಡ್ಡು ಕೂಡಿಸಿ ತೆಗೆದುಕೊಂಡದ್ದು. ಹಕ್ಕಿಗೆ ಕಾಣಬಾರದು ಅಂತ ಹಸಿರು ಬಣ್ಣದ್ದೇ ಬೇಕು ಅಂತ ಹಟ ಮಾಡಿ ತರಿಸಿಕೊಂಡಿದ್ದೆ. ಕೊನೆಗೆ ಅದು ನನಗೇ ಕಾಣದ ಹಾಗೆ ಆಯಿತು.

ಜಾಗ ಯಾವುದು ಅಂತ ಹೇಳುತ್ತೇನೆ. ಉಡುಪಿ ಜಿಲ್ಲೆಯ ಹೆಬ್ರಿಯಿಂದ ಸ್ವಲ್ಪ ಒಳಗೆ, ಘಟ್ಟದ ಬುಡದಲ್ಲಿ ಅಮ್ಮನ ತವರು. ಈಗ ಅಲ್ಲಿ ಮಾವ ಒಬ್ಬರೇ ತೋಟ ನೋಡಿಕೊಂಡು ಇದ್ದಾರೆ. ಮನೆಯ ಹಿಂದೆ ಅಡಿಕೆ ತೋಟ, ಅದರ ಮೇಲೆ ಕುಮ್ಕಿ ಜಾಗ (ತೋಟಕ್ಕೆ ಹೊಂದಿಕೊಂಡ ಸರ್ಕಾರಿ ಜಾಗ), ಅದು ಮುಗಿದಲ್ಲಿಂದ ಕಾಡು. ಒಂದು ಹಳೆಯ ಕಾಲುದಾರಿ ತೋಡಿನ (ಸಣ್ಣ ಹಳ್ಳದ) ಬದಿಯಲ್ಲೇ ಏರಿ ಏರಿ ಮೇಲೆ ಮುಳಿಹುಲ್ಲಿನ ಪದವಿಗೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ನಿಂತರೆ ಎದುರಿಗೆ ಘಟ್ಟದ ಗೋಡೆ, ಹಿಂದೆ ತಿರುಗಿದರೆ ತೋಟ ಗದ್ದೆಗಳ ಬಯಲು. ಅಲ್ಲಿನ ಫಾರೆಸ್ಟ್ ವಾಚರ್ ಮಾವನಿಗೆ ಗುರ್ತದವರು, ಅವರಿಗೆ ಹೇಳಿಯೇ ಹೋಗುತ್ತೇವೆ.

ಮಂಗಳೂರಿನಿಂದ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳೆಯ ಶನಿವಾರ ಬೆಳಿಗ್ಗೆ 4 ಗಂಟೆಗೆ ಹೊರಟು, ಮೂಡುಬಿದಿರೆ ಕಾರ್ಕಳ ದಾಟಿ, ಬೆಳಕು ಹರಿಯುವಾಗ ಮಾವನ ಅಂಗಳದಲ್ಲಿದ್ದೆವು. ಮಾವ ಬಾಳೆ ಎಲೆಯಲ್ಲಿ ಪುಂಡಿ (ಅಕ್ಕಿ ಕಡುಬು) ಮತ್ತು ಚಟ್ನಿ ಕಟ್ಟಿ ಕೊಟ್ಟರು. ನಮ್ಮ ಕುತ್ತಿಗೆಯಲ್ಲಿ ತೂಗುತ್ತಿದ್ದ ಸಾಮಾನು ನೋಡಿ, "ಎಂತದು ಮಾರಾಯ, ಶಿಕಾರಿಗೆ ಹೋಗುವವರ ಹಾಗೆ ಉಂಟಲ್ಲ" ಅಂದರು.

ಶಿಕಾರಿಯೇ ಅದು, ಕೋವಿ ಬದಲು ಕ್ಯಾಮೆರಾ ಅಷ್ಟೇ. ನಾವು ಹುಡುಕುತ್ತಿದ್ದದ್ದು ಮಲಬಾರ್ ಟ್ರೋಗನ್ ಅನ್ನುವ ಹಕ್ಕಿ. ಗಂಡಿನ ಹೊಟ್ಟೆ ಕುಂಕುಮ ಬಳಿದ ಹಾಗೆ ಕೆಂಪು, ತಲೆ ಕಪ್ಪು, ನಡುವೆ ಬಿಳಿ ಪಟ್ಟಿ. ಆದರೆ ಅದು ಭಾರಿ ಕಿಲಾಡಿ. ನೆರಳಿನಲ್ಲಿ, ಅಲ್ಲಾಡದೆ, ನಮಗೆ ಬೆನ್ನು ಹಾಕಿ ಕೂರುತ್ತದೆ. ಬೆನ್ನು ಒಣಗಿದ ಎಲೆಯ ಬಣ್ಣ. ಎದುರಿಗೇ ಇದ್ದರೂ ಕಾಣುವುದಿಲ್ಲ.

ಆ ದಿನ ಕಂಡಿತು. ಒಂದು ಗಂಡು, ನಮ್ಮಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ. ಕ್ಯಾಮೆರಾದ ಪಟ್ಟಿ ಮತ್ತು ಬೈನಾಕ್ಯುಲರಿನ ಪಟ್ಟಿ ಒಂದಕ್ಕೊಂದು ಸುತ್ತಿಕೊಂಡು ಕುತ್ತಿಗೆ ಬಿಗಿಯುತ್ತಿತ್ತು. ಒಂದನ್ನು ಬಿಚ್ಚಿದೆ. ಆಮೇಲೆ ಹಕ್ಕಿ ಹಾರಿತು, ನಾವು ಅದರ ಹಿಂದೆ, ಮತ್ತೆ ಕೂತಿತು, ಮತ್ತೆ ಹಾರಿತು. 200ಕ್ಕೂ ಜಾಸ್ತಿ ಫೋಟೋ ತೆಗೆದೆ, ಅದರಲ್ಲಿ ನಾಲ್ಕು ಚೆನ್ನಾಗಿವೆ. ಮಧ್ಯಾಹ್ನ ಪದವಿನ ಮೇಲೆ ಗಿಡುಗವೊಂದು ಸುತ್ತುತ್ತಿದ್ದಾಗ ಎದೆಗೆ ಕೈ ಹಾಕಿದೆ, ಬೈನಾಕ್ಯುಲರ್ ಇಲ್ಲ.

ಆ ಗಳಿಗೆ ಗೊತ್ತಲ್ಲ? ಮೊದಲು ಎದೆ, ಆಮೇಲೆ ಬ್ಯಾಗು, ಆಮೇಲೆ ಗೆಳೆಯನ ಬ್ಯಾಗು, ಆಮೇಲೆ ಮತ್ತೊಮ್ಮೆ ಎದೆ. ಎರಡನೇ ಸಲ ತಟ್ಟಿದರೆ ಇರುತ್ತದೆ ಅನ್ನುವ ಹಾಗೆ.

ಬಂದ ದಾರಿಯಲ್ಲೇ ಇಳಿಯುತ್ತಾ ಹುಡುಕಿದೆವು. ಹುಡುಕುವುದು ಅಂದರೆ ನೆಲ ನೋಡುತ್ತಾ ನಡೆಯುವುದು. ಮುಳಿಹುಲ್ಲನ್ನು ಕೋಲಿನಿಂದ ಬಗ್ಗಿಸಿ ಬಗ್ಗಿಸಿ, ಒಣಗಿದ ಎಲೆ ಕೆದಕಿ ಕೆದಕಿ ಸೊಂಟ ಬಿದ್ದುಹೋಯಿತು. ಡಿಸೆಂಬರ್ ಸಂಜೆ 6ಕ್ಕೇ ಕತ್ತಲೆ. ಟಾರ್ಚ್ ಹಾಕಿದರೆ ಗಾಜು ಹೊಳೆಯುತ್ತದೆ ಅಂತ ಗೆಳೆಯ ಹೇಳಿದ. ಒಳ್ಳೆ ಉಪಾಯ. ಟಾರ್ಚನ್ನು ಹಣೆಯ ಪಕ್ಕದಲ್ಲಿ ಹಿಡಿದು ನೆಲಕ್ಕೆ ಬೆಳಕು ಬಿಟ್ಟರೆ, ನಿಜವಾಗಿಯೂ ಎಲ್ಲೆಲ್ಲೂ ಹೊಳಪು. ಓಡಿ ಹೋಗಿ ನೋಡಿದರೆ ಜೇಡ! ನೆಲದ ಮೇಲೆ ಓಡಾಡುವ ಜೇಡಗಳ ಕಣ್ಣು ರಾತ್ರಿ ಟಾರ್ಚಿಗೆ ವಜ್ರದ ಹರಳಿನ ಹಾಗೆ ಹೊಳೆಯುತ್ತದೆ. ನೂರಾರು ಜೇಡ ಸಿಕ್ಕಿದವು. ಬೈನಾಕ್ಯುಲರ್ ಸಿಗಲಿಲ್ಲ. ಇಳಿಯುವಾಗ ನಾನು ಮನಸ್ಸಿನಲ್ಲೇ ಚಕ್ಕುಲಿ ಹೇಳಿಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಮಾವ ತಮ್ಮ ಅಪ್ಪನ, ಅಂದರೆ ನನ್ನ ಅಜ್ಜನ ಸರಳಿನ ಕಥೆ ತೆಗೆದರು. ನಾನು ಅದನ್ನು ಹತ್ತು ಸಲ ಕೇಳಿದ್ದೇನೆ, ಗೆಳೆಯನಿಗೆ ಹೊಸತು.

ಅಜ್ಜನದ್ದು ಕೇಪಿನ ಕೋವಿ. ತೋಟೆ ಕೋವಿಯ ಹಾಗೆ ಮಡಚಿ ತೋಟೆ ತುರುಕಿದರೆ ಮುಗಿಯಿತು ಅಂತ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಬೇಕು, ಗುಂಡು ಹಾಕಬೇಕು, ಮತ್ತೆ ನಾರು. ಇಷ್ಟನ್ನೂ ಒಂದು ಉದ್ದ ಕಬ್ಬಿಣದ ಸರಳಿನಿಂದ ಜಡಿದು, ಕೊನೆಗೆ ಹಿಂದುಗಡೆ ಕಿಡಿ ಕೊಡುವ ಕೇಪು ಸಿಕ್ಕಿಸಬೇಕು. ಒಂದು ಈಡು ಹೊಡೆದ ಮೇಲೆ ಇನ್ನೊಂದಕ್ಕೆ ತಯಾರಾಗುವಷ್ಟರಲ್ಲಿ ಹಂದಿ ಆಚೆ ಊರಿಗೆ ತಲುಪಿರುತ್ತದೆ. ಸರಳು ಇಲ್ಲದಿದ್ದರೆ ಆ ಕೋವಿ ಕೋವಿಯಲ್ಲ, ಬರೀ ದೊಣ್ಣೆ.

ಒಂದು ರಾತ್ರಿ ಅಜ್ಜ ಮರಸು ಕೂತಿದ್ದರಂತೆ, ಅಂದರೆ ಅಡಗಿ ಕೂತು ಬೇಟೆಗೆ ಕಾಯುವುದು. ಗೆಣಸಿನ ಗದ್ದೆಗೆ ಹಂದಿಗಳು ಇಳಿಯುತ್ತಿದ್ದ ಕಾಲ. ಒಂದು ಈಡು ತಪ್ಪಿತು. ಗಡಿಬಿಡಿಯಲ್ಲಿ ಮತ್ತೆ ಮದ್ದು ಜಡಿದರು, ಕೇಪು ಹಾಕಿದರು. ಸರಳನ್ನು ನಳಿಗೆಯಿಂದ ಹೊರಗೆ ತೆಗೆಯಲು ಮರೆತೇ ಬಿಟ್ಟರು. ಢಮಾರ್! ಗುಂಡಿನ ಜೊತೆ ಸರಳೂ ಹೋಯಿತು. ನಳಿಗೆ ಒಡೆದು ಅಜ್ಜನ ಮುಖ ಹೋಗದಿದ್ದದ್ದು ಪುಣ್ಯ. ಹಂದಿಗೆ ಏನೂ ಆಗಲಿಲ್ಲ.

ಮೂರು ದಿನ ಮನೆಮಂದಿ ಎಲ್ಲ ಸೇರಿ ಆ ಗುಡ್ಡ ಹುಡುಕಿದರಂತೆ. ಸಿಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಜೇನು ತೆಗೆಯಲು ಹೆಬ್ಬಲಸಿನ ಮರ ಹತ್ತಿದವನಿಗೆ ಕಾಂಡದಲ್ಲಿ ಒಂದು ಕಬ್ಬಿಣದ ಕೊಕ್ಕೆ ಕಂಡಿತು, ಕಾಲಿಡಲು ಒಳ್ಳೆಯದಾಯಿತು ಅಂತ ಕಾಲಿಟ್ಟನಂತೆ. ಅದೇ ಸರಳು. ಮರದ ಒಳಗೆ ಒಂದು ಗೇಣು ಹೊಕ್ಕಿತ್ತು. ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಮಾವ ಪ್ರತಿ ಸಲ ಹೇಳುವಾಗ ಸರಳು ಒಂದು ಇಂಚು ಜಾಸ್ತಿ ಒಳಗೆ ಹೋಗಿರುತ್ತದೆ.

ಕಥೆ ಮುಗಿಸಿ ಮಾವ ಹೇಳಿದರು, "ನೀವು ದಾರಿ ಪೂರ್ತಿ ಹುಡುಕಿದ್ದು ದಂಡ. ನಡೆಯುವಾಗ ಸಾಮಾನು ಹೋಗುವುದು ಕಡಿಮೆ. ಹೋಗುವುದು ನಿಂತಲ್ಲಿ, ಕೂತಲ್ಲಿ. ಕೂತ ಜಾಗ ಹುಡುಕಿ."

ಇದು ಅಜ್ಜನ ಕಾಲದವರ ಲೆಕ್ಕ. ಅವರಲ್ಲಿ ಎಲ್ಲವೂ ಮೈಗೆ ಕಟ್ಟಿಕೊಂಡೇ ಇರುತ್ತಿತ್ತು. ಕತ್ತಿ ಸೊಂಟದ ಹಿಂದಿನ ಕೊಕ್ಕೆಯಲ್ಲಿ, ಮದ್ದು ಹೆಗಲಿನ ಚರ್ಮದ ಚೀಲದಲ್ಲಿ, ಎಲೆ ಅಡಿಕೆ ಮಡಿಲಲ್ಲಿ. ಕೈಯಲ್ಲಿ ಕೋವಿ ಒಂದೇ. ಎಲೆ ಅಡಿಕೆ ಹಾಕಲು ಕೂತಾಗ ಮಾತ್ರ ಒಂದೊಂದೇ ಬಿಚ್ಚಿ ಇಡುವುದು, ಅಲ್ಲೇ ಮರೆಯುವುದು. ಒಮ್ಮೆ ಅಜ್ಜ ಹಾಗೆ ಮರೆತ ಚರ್ಮದ ಚೀಲ ವಾರ ಬಿಟ್ಟು ಸಿಕ್ಕಿದಾಗ ಅರ್ಧ ಮಾತ್ರ ಉಳಿದಿತ್ತಂತೆ. ಮುಳ್ಳುಹಂದಿ ತಿಂದಿತ್ತು ಅಂತ ಮಾವನ ತೀರ್ಮಾನ. ಇದನ್ನು ನಾನು ನಂಬುತ್ತೇನೆ. ಬೆವರಿನ ಉಪ್ಪು ಹಿಡಿದ ಯಾವ ಸಾಮಾನನ್ನೂ ಮುಳ್ಳುಹಂದಿ ಬಿಡುವುದಿಲ್ಲ, ಕಡವೆ ಉದುರಿಸಿದ ಕೊಂಬನ್ನೇ ಕಡಿದು ಹಾಕುವ ಜಾತಿ ಅದು. (ಅಂಥ ಕೊಂಬು ಕಾಡಿನಲ್ಲಿ ನಿಮಗೆ ಸಿಕ್ಕಿದರೆ ಮನೆಗೆ ತರಬೇಡಿ. ಬಿದ್ದು ಸಿಕ್ಕಿದ್ದಾದರೂ ಅದು ಸರ್ಕಾರದ ಸೊತ್ತು, ಮನೆಯಲ್ಲಿಟ್ಟರೆ ಕೇಸು.)

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜನ ಶಿಕಾರಿ ನಿಂತಿತು. ಒಂದೇ ದಿನದಲ್ಲಿ ನಿಂತಿತಾ, ಮೆಲ್ಲಮೆಲ್ಲಗೆ ನಿಂತಿತಾ ಅಂತ ನಾನು ಮಾವನನ್ನು ಕೇಳಿಲ್ಲ, ಅವರೂ ಹೇಳಿಲ್ಲ. ಕೋವಿ ಈಗಲೂ ಉಂಟು, ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ. ಪ್ರತಿ ಚುನಾವಣೆಗೂ ಮಾವ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು, ಮುಗಿದ ಮೇಲೆ ವಾಪಸ್ ತರುತ್ತಾರೆ. ಈಗ ಅದರ ತಿರುಗಾಟ ಅಷ್ಟೇ. ಪಂಚಾಯತಿ, ವಿಧಾನಸಭೆ, ಲೋಕಸಭೆ. ನನಗೆ ಅಜ್ಜನ ಕಥೆಗಳು ಇಷ್ಟ, ಬೇಟೆ ಇಷ್ಟ ಇಲ್ಲ. ಎರಡನ್ನೂ ಹೇಗೋ ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಭಾನುವಾರ ಮತ್ತೆ ಹತ್ತಿದೆವು. ಈ ಸಲ ಮಾವನೂ ಬಂದರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟಕ್ಕೆ ಕತ್ತಿ. ತೋಡು ದಾಟಿ ಸ್ವಲ್ಪ ಮೇಲೆ, ನಾನು ದಾರಿ ಬಿಟ್ಟು ಪೊದೆಯೊಳಗೆ ನುಗ್ಗುವಾಗ ಮಾವ ಹಿಂದಿನಿಂದ ಅಂಗಿ ಹಿಡಿದು ಎಳೆದರು. "ಕಾಲಿಡಬೇಡ."

ಉರುಳು. ಬೈಕಿನ ಕ್ಲಚ್ ವಯರ್ ಬಿಚ್ಚಿ ಮಾಡಿದ್ದು. ಹಂದಿ ಓಡಾಡುವ ಜಾಡಿನಲ್ಲಿ, ಮೊಣಕಾಲಿನ ಎತ್ತರಕ್ಕೆ ಬಳೆಯ ಹಾಗೆ ಬಿಡಿಸಿ ಇಟ್ಟಿದ್ದರು. ಇನ್ನೊಂದು ತುದಿ ಒಂದು ಎಳೆ ಮರದ ಬುಡಕ್ಕೆ ಬಿಗಿದಿತ್ತು. ಅದರಲ್ಲಿ ಕುತ್ತಿಗೆ ಸಿಕ್ಕಿದ ಪ್ರಾಣಿ ಎಳೆದಷ್ಟೂ ಬಿಗಿಯುತ್ತದೆ. ಹಂದಿಗೆ ಅಂತ ಇಟ್ಟದ್ದಕ್ಕೆ ಹಂದಿಯೇ ಬೀಳಬೇಕು ಅಂತ ಇಲ್ಲ, ಬರ್ಕದಂಥ ಸಣ್ಣ ಪ್ರಾಣಿ ಬೀಳಬಹುದು, ಚಿರತೆ ಬೀಳಬಹುದು, ನನ್ನ ಹಾಗೆ ಆಕಾಶ ನೋಡಿಕೊಂಡು ನಡೆಯುವವನ ಕಾಲೂ ಬೀಳಬಹುದು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ಎಲೆಯ ಮೇಲೆ, ತಲೆಗೆ ಕಟ್ಟುವ ಒಂದು ಟಾರ್ಚ್ ಬಿದ್ದಿತ್ತು. ಪಟ್ಟಿ ಹರಿದಿತ್ತು. ರಾತ್ರಿ ಬಗ್ಗಿ ಉರುಳು ಕಟ್ಟುವಾಗ ಬಿದ್ದದ್ದಿರಬೇಕು.

ನನ್ನ ಸಾಮಾನು ಹುಡುಕಲು ಹೋದರೆ ಸಿಕ್ಕಿದ್ದು ಇನ್ನೊಬ್ಬ ಶಿಕಾರಿಯ ಸಾಮಾನು.

ಮುಟ್ಟಲಿಲ್ಲ. ಫೋಟೋ ತೆಗೆದೆವು, ಫೋನಿನಲ್ಲಿ ಜಾಗ ಗುರುತು ಹಾಕಿಕೊಂಡೆವು, ಕೆಳಗಿಳಿದು ನೆಟ್‌ವರ್ಕ್ ಸಿಕ್ಕಿದ ಮೇಲೆ ವಾಚರಿಗೆ ಫೋನ್ ಮಾಡಿದೆವು. ಅವರು ಮಧ್ಯಾಹ್ನ ಫಾರೆಸ್ಟ್ ಗಾರ್ಡನ್ನು ಕರೆದುಕೊಂಡು ಬಂದು ಅದನ್ನು ಕತ್ತರಿಸಿ ತೆಗೆದರು. ಸುತ್ತ ಹುಡುಕಿದಾಗ ಇನ್ನೂ ಎರಡು ಸಿಕ್ಕಿದವು. ಟಾರ್ಚನ್ನೂ ತೆಗೆದುಕೊಂಡು ಹೋದರು. ಮಾವ ಆ ದಿನ ಜಾಸ್ತಿ ಮಾತಾಡಲಿಲ್ಲ. ಸಂಜೆ ನಾವು ಹೊರಡುವಾಗ ಒಂದೇ ಮಾತು ಹೇಳಿದರು, "ಮರಸು ಕೂರುವವನಿಗೆ ಎದುರಿಗೆ ಬಂದದ್ದು ಯಾವುದು ಅಂತ ಗೊತ್ತಿರ್ತದೆ. ಇದಕ್ಕೆ ಕಣ್ಣೇ ಇಲ್ಲ."

ಮಂಗಳೂರಿಗೆ ಬಂದ ಮೇಲೆ ಬೈನಾಕ್ಯುಲರ್ ಹೋಯಿತು ಅಂತಲೇ ಲೆಕ್ಕ ಹಾಕಿದ್ದೆ. ಹೊಸತರ ರೇಟು ನೋಡಿದೆ, ಮೊಬೈಲ್ ಮುಚ್ಚಿಟ್ಟೆ. ಆದರೆ ಮಾವ ಹೇಳಿದ "ಕೂತ ಜಾಗ" ತಲೆಯಲ್ಲಿ ಕೊರೆಯುತ್ತಿತ್ತು. ನಾವು ಎಲ್ಲೆಲ್ಲಿ ನಿಂತಿದ್ದೆವು ಅಂತ ನನಗೆ ನೆನಪಿಲ್ಲ, ಆದರೆ ಫೋನಿಗೆ ನೆನಪುಂಟು. ನಡೆದ ದಾರಿಯನ್ನು ದಾಖಲು ಮಾಡುವ ಒಂದು ಆಪ್ ಹಾಕಿಟ್ಟಿದ್ದೆ. ಅದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ, ಉಪಗ್ರಹದ ಸಿಗ್ನಲ್ ಸಾಕು. ಒಂದು ರಾತ್ರಿ ಗೆಳೆಯನ ರೂಮಿನಲ್ಲಿ ಕೂತು ಎಲ್ಲ ಫೋಟೋಗಳನ್ನೂ ಟೈಮಿನ ಪ್ರಕಾರ ಜೋಡಿಸಿದೆವು.

9:38ಕ್ಕೆ ನಾನು ಫೋನಿನಲ್ಲಿ ತೆಗೆದ ಒಂದು ಫೋಟೋ. ಗೆಳೆಯ ಪಾದೆಕಲ್ಲಿನ ಮೇಲೆ ಕೂತು ಪುಂಡಿ ತಿನ್ನುತ್ತಿದ್ದಾನೆ, ಬಾಳೆ ಎಲೆಯ ಪಕ್ಕದಲ್ಲಿ ಬೈನಾಕ್ಯುಲರ್. ಒಳ್ಳೆಯದು, ಅಲ್ಲಿವರೆಗೆ ಇತ್ತು. 10:52ಕ್ಕೆ ಗೆಳೆಯ ತೆಗೆದ ಇನ್ನೊಂದು. ನನ್ನ ಕುತ್ತಿಗೆಗೆ ಉಂಬಳ (ಜಿಗಣೆ) ಹಿಡಿದಿತ್ತು, ತಮಾಷೆಗೆ ತೆಗೆದದ್ದು. ಅದರಲ್ಲಿ ಕುತ್ತಿಗೆಗೆ ಉಂಬಳ ಉಂಟು, ಕ್ಯಾಮೆರಾ ಪಟ್ಟಿ ಉಂಟು, ಬೈನಾಕ್ಯುಲರ್ ಪಟ್ಟಿ ಇಲ್ಲ. ಅಂದರೆ ಒಂದೂಕಾಲು ಗಂಟೆಯ ಒಳಗೆ ಹೋದದ್ದು. ಅದರ ನಡುವೆ ನಾವು ಜಾಸ್ತಿ ಹೊತ್ತು ನಿಂತದ್ದು ಟ್ರೋಗನ್ ಹತ್ತಿರ. ಕ್ಯಾಮೆರಾ ಪ್ರಕಾರ ಟ್ರೋಗನ್‌ನ ಮೊದಲ ಫೋಟೋ 10:14. ಆ ಹೊತ್ತಿಗೆ ನಾವು ಎಲ್ಲಿದ್ದೆವು ಅಂತ ಆಪ್‌ನಲ್ಲಿ ನೋಡಿದರೆ ಬಯಲಿನ ಒಂದು ತುಂಡು, ಬರೀ ಹುಲ್ಲು.

"ಬಿಸಿಲಿನಲ್ಲಿ, ಹುಲ್ಲಿನ ಮೇಲೆ ಟ್ರೋಗನ್ ಕೂರ್ತದಾ ಮಾರಾಯ?" ಅಂತ ಗೆಳೆಯ ಕೇಳಿದ.

ಕೂರುವುದಿಲ್ಲ. ಹಾಗಾದರೆ ಗಡಿಯಾರದಲ್ಲೇ ತಪ್ಪಿರಬೇಕು. ಕ್ಯಾಮೆರಾ ತೆಗೆದು ಫೋನಿನ ಪಕ್ಕ ಇಟ್ಟು ನೋಡಿದೆವು. ಕ್ಯಾಮೆರಾ 11 ನಿಮಿಷ ಹಿಂದಿತ್ತು! ನಾನು ಅದರ ಟೈಮ್ ಸರಿ ಮಾಡಿ ಯಾವ ಕಾಲವಾಯಿತೋ. 11 ಸೇರಿಸಿದರೆ 10:25, ಆ ಹೊತ್ತಿಗೆ ಗುರುತು ಸರಿಯಾಗಿ ತೋಡಿನ ಮೇಲಿನ ದಟ್ಟ ನೆರಳಿನಲ್ಲಿ ಬಿತ್ತು. ಕ್ಯಾಮೆರಾ ಇಟ್ಟುಕೊಂಡವರು ಈಗಲೇ ಎದ್ದು ಹೋಗಿ ಟೈಮ್ ನೋಡಿ. ಸರಿ ಮಾಡಲು ಬಾರದಿದ್ದರೆ, ಕಾಡಿಗೆ ಹೋಗುವ ಮುಂಚೆ ಫೋನಿನ ಗಡಿಯಾರದ್ದೇ ಒಂದು ಫೋಟೋ ತೆಗೆದುಕೊಳ್ಳಿ, ವ್ಯತ್ಯಾಸ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಬಹುದು.

ಎರಡು ವಾರದ ನಂತರ ಆ ಗುರುತು ಹಿಡಿದುಕೊಂಡು ಹೋದೆವು. ಫೋನಿನ ಗುರುತು ಮರಗಳ ಕೆಳಗೆ ಅಷ್ಟು ಸರಿ ಇರುವುದಿಲ್ಲ, ಹತ್ತಾರು ಅಡಿ ಆಚೆ ಈಚೆ ಓಡಾಡುತ್ತದೆ. ಹಾಗಾಗಿ ಅಲ್ಲಿಗೆ ಹೋಗಿ ಕ್ಯಾಮೆರಾ ಹಿಡಿದು, ಟ್ರೋಗನ್ ಕೂತಿದ್ದ ಬಳ್ಳಿಯನ್ನು ಫೋಟೋದ ಜೊತೆ ಹೋಲಿಸಿ, ನಾನು ನಿಂತಿದ್ದ ಜಾಗವನ್ನು ಹುಡುಕಿ ನಿಂತೆ. ಕಾಲ ಬುಡದಲ್ಲಿ ನಾವೇ ಎರಡು ವಾರದ ಹಿಂದೆ ಕೆದಕಿ ಹಾಕಿದ್ದ ಎಲೆಗಳು. ಅಂದರೆ ಇಲ್ಲಿ ಆಗಲೇ ಹುಡುಕಿ ಆಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಗೆಳೆಯ ಸುಸ್ತಾಗಿ ಒಂದು ಮರಕ್ಕೆ ಒರಗಿದ. ಅವನ ಕಿವಿಗೆ ಏನೋ ತಾಗಿತು.

ಮುರಿದ ಕೊಂಬೆಯ ಮೋಟಿನಲ್ಲಿ, ನನ್ನ ಹಣೆಯ ಎತ್ತರಕ್ಕೆ, ಬೈನಾಕ್ಯುಲರ್ ತೂಗುತ್ತಿತ್ತು. ಅಂಗಡಿಯಲ್ಲಿ ತೂಗು ಹಾಕಿದ ಹಾಗೆ. ನೆಲದಲ್ಲಿ ಇರುವೆ ಉಂಟು ಅಂತ ನಾನೇ ಅಲ್ಲಿ ಸಿಕ್ಕಿಸಿದ್ದು, ಈಗ ಚೆನ್ನಾಗಿ ನೆನಪಾಯಿತು. ಎರಡು ದಿನ, ಮೂರು ಜನ, ಆರು ಕಣ್ಣು, ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಬಿದ್ದದ್ದು ನೆಲದಲ್ಲೇ ಇರಬೇಕು ಅಂತ ಯಾರು ಹೇಳಿದ್ದು? ಅಜ್ಜನ ಸರಳು ಮರದಲ್ಲಿ ಸಿಕ್ಕಿದ ಕಥೆ ಕೇಳಿಕೊಂಡು, ಊಟ ಮಾಡಿದ ಅದೇ ಕೈಯಲ್ಲಿ ನಾವು ಮರುದಿನ ಮತ್ತೆ ಎಲೆ ಕೆದಕಲು ಹೋದದ್ದು.

ಕಣ್ಣಿಡುವ ರಬ್ಬರಿನಲ್ಲಿ ಒಂದು ಜೇಡ ಬಲೆ ಕಟ್ಟಿತ್ತು. ಮತ್ತೆ ಜೇಡ! ಗಾಜಿಗೆ ಏನೂ ಆಗಿರಲಿಲ್ಲ. ಡಿಸೆಂಬರ್ ಆದ್ದರಿಂದ ಬಚಾವ್. ಜೂನ್ ಜುಲೈಯಲ್ಲಾದರೆ, ಮನೆಯ ಕಪಾಟಿನಲ್ಲಿ ಇಟ್ಟ ಲೆನ್ಸಿಗೇ ಫಂಗಸ್ ಬರುವ ಊರು ನಮ್ಮದು, ಕಾಡಿನಲ್ಲಿ ಕೇಳಬೇಕಾ? ಶೂಗಳ ಕಥೆಯೂ ಇದೇ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಟ್ರೆಕ್ಕಿಂಗ್ ಶೂ ನೋಡಲು ಹೊಸತರ ಹಾಗೆ ಇರುತ್ತದೆ, ಆದರೆ ಅಡಿಯ ಫೋಮು ಇಲ್ಲಿನ ತೇವಕ್ಕೆ ಒಳಗೊಳಗೇ ಹುಡಿಯಾಗಿರುತ್ತದೆ, ಗುಡ್ಡದ ಅರ್ಧದಲ್ಲಿ ಶೂವಿನ ತಳದ ಸೋಲ್ ಕಳಚಿ ಬೀಳುತ್ತದೆ. ಕೊಡಚಾದ್ರಿಯ ದಾರಿಯಲ್ಲಿ ನನಗೆ ಅಂಥ ಸೋಲ್ ಸಿಕ್ಕಿದೆ, ಒಂದೇ ಒಂದು. ಅದರ ಯಜಮಾನ ಹೇಗೆ ಇಳಿದನೋ.

ಕುದುರೆಮುಖಕ್ಕೆ ಹೋದಾಗ ಕಾರಿನ ಕೀ ಕಳೆದದ್ದು ಬೇರೆ ಕಥೆ. ಚಿಕ್ಕದು, ಹೇಳಿಬಿಡುತ್ತೇನೆ. ಇಳಿದು ಬಂದು ನೋಡಿದರೆ ಕೀ ಇಲ್ಲ, ಇನ್ನೊಂದು ಕೀ ಮಂಗಳೂರಿನ ಮನೆಯಲ್ಲಿ. ಎಲ್ಲೆಲ್ಲಿ ಕೂತಿದ್ದೆವು ಅಂತ ಯೋಚಿಸಿದಾಗ, ಉಂಬಳ ಬಿಡಿಸಲು ಕೂತದ್ದು ಒಂದೇ ಕಡೆ. ಆಗ ಕೈಯಲ್ಲಿದ್ದದ್ದು ಉಪ್ಪಿನ ಗಂಟು. ಬಿಚ್ಚಿ ನೋಡಿದರೆ ಉಪ್ಪಿನೊಳಗೆ ಕೀ, ಉಪ್ಪಿನಕಾಯಿ ಹಾಕಿದ ಹಾಗೆ. ಮಾವನ ಲೆಕ್ಕ ಅಲ್ಲಿಯೂ ಸರಿಯಾಯಿತು.

ಈಗ ನಾನು ಮಲ್ಪೆ ಬಂದರಿನ ಹತ್ತಿರ ಸಿಗುವ ಕಿತ್ತಳೆ ಬಣ್ಣದ ನೈಲಾನ್ ಹಗ್ಗವನ್ನು ಎಲ್ಲದಕ್ಕೂ ಒಂದೊಂದು ಗೇಣು ಕಟ್ಟಿದ್ದೇನೆ. ಬೈನಾಕ್ಯುಲರಿಗೆ, ಟಾರ್ಚಿಗೆ, ಲೆನ್ಸಿನ ಮುಚ್ಚಳಕ್ಕೆ, ಕೀಗೆ. ಬಲೆ ಕಟ್ಟುವ ಹಗ್ಗ, ಬಿಸಿಲಿಗೂ ಮಳೆಗೂ ಬೇಗ ಹಾಳಾಗುವುದಿಲ್ಲ. ನೋಡಲು ಚಂದ ಇಲ್ಲ, ಬೇರೆ ಫೋಟೋಗ್ರಾಫರುಗಳು ನಗುತ್ತಾರೆ, ನಗಲಿ. ಹೊರದೇಶದ ಬೇಟೆಗಾರರು ಕಿತ್ತಳೆ ಅಂಗಿ ಹಾಕಿಯೇ ಜಿಂಕೆ ಬೇಟೆಗೆ ಹೋಗುತ್ತಾರೆ. ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನಿಗೆ ಕಾಣುತ್ತದೆ. ಹಕ್ಕಿಗೆ ಕಾಣುತ್ತದೆ, ಅದು ನಿಜ. ಆದರೆ ಹಕ್ಕಿಗೆ ಬಣ್ಣಕ್ಕಿಂತ ಮೊದಲು ಕಾಣುವುದು ನಮ್ಮ ಅಲ್ಲಾಟ. ಯಾರೋ ಏರ್‌ಟ್ಯಾಗ್ (ಕಳೆದ ಸಾಮಾನು ಎಲ್ಲುಂಟು ಅಂತ ಫೋನಿಗೆ ತೋರಿಸುವ ಬಿಲ್ಲೆ) ಹಾಕು ಅಂದರು. ಅದು ಪೇಟೆಯ ಸಾಮಾನು ಮಾರಾಯ್ರೆ, ಸುತ್ತ ಬೇರೆಯವರ ಫೋನ್ ಇದ್ದರೆ ಮಾತ್ರ ದೂರದಿಂದ ಎಲ್ಲುಂಟು ಅಂತ ಹೇಳುತ್ತದೆ. ಆ ಗುಡ್ಡದಲ್ಲಿ ಫೋನ್ ಇಟ್ಟುಕೊಂಡವರು ನಾವಿಬ್ಬರೇ, ಮತ್ತೆ ಆ ಉರುಳಿನವನು.

ಹರಕೆ ಬಾಕಿ ಇತ್ತಲ್ಲ. ಜನವರಿಯಲ್ಲಿ ಒಂದು ಸಂಜೆ ಆಫೀಸ್ ಬಿಟ್ಟ ಮೇಲೆ ಗೆಳೆಯನೂ ನಾನೂ ತೊಕ್ಕೊಟ್ಟು ಕಡೆಯಿಂದ ಕುತ್ತಾರಿನ ಕೊರಗಜ್ಜನ ಸ್ಥಾನಕ್ಕೆ ಹೋದೆವು. ಚಕ್ಕುಲಿಯ ಪ್ಯಾಕೆಟು, ವೀಳ್ಯದೆಲೆ. ನಮ್ಮ ಮುಂದೆ ಇದ್ದ ಹೆಂಗಸು ಸಿಕ್ಕಿದ ಬಳೆಯನ್ನು ಕೈಯಲ್ಲಿ ಹಾಕಿಕೊಂಡೇ ಬಂದಿದ್ದರು, ಪಕ್ಕದವರಿಗೆಲ್ಲ ತೋರಿಸುತ್ತಿದ್ದರು. ನಾನೂ ಬೈನಾಕ್ಯುಲರ್ ತರಬೇಕಿತ್ತು ಅನಿಸಿತು.

ವಾಪಸ್ ಬರುವಾಗ ಮಾವನಿಗೆ ಫೋನ್ ಮಾಡಿ ಹರಕೆ ತೀರಿಸಿದ್ದು ಹೇಳಿದೆ. ಆ ಟಾರ್ಚಿನ ವಿಷಯ ಕೇಳಿದೆ. ಯಾರೂ ಸಿಕ್ಕಿಲ್ಲ, ಅದು ಇನ್ನೂ ಗಾರ್ಡಿನ ಮೇಜಿನ ಮೇಲೆ ಉಂಟಂತೆ, ಬ್ಯಾಟರಿಯೂ ಮುಗಿದಿಲ್ಲವಂತೆ.

"ಅವನೂ ಅಜ್ಜನಿಗೆ ಚಕ್ಕುಲಿ ಹೇಳಿಕೊಂಡಿರಬಹುದಾ ಮಾವ?" ಅಂತ ಕೇಳಿದೆ.

"ಹೇಳಿಕೊಂಡಿರ್ತಾನೆ," ಅಂದರು ಮಾವ. "ಸಿಕ್ಕಿದ್ದು ಉಂಟಲ್ಲ. ಬಂದು ತೆಗೆದುಕೊಂಡು ಹೋಗ್ಲಿ."